ಸಬಾದ ಅಣೆಕಟ್ಟು, ಗಾಜನೂರಿನ ನೀರು

(ಗಾಜನೂರಿನಲ್ಲಿ ಮಳೆಗಾಲದ ಒಂದು ಶುಕ್ರವಾರ ನೀಡಿದ ಜುಮಾ ಪ್ರವಚನದ ಸಂಗ್ರಹ)

 



ಈ ವಾರ ನಮ್ಮೂರಿಗೆ ಶಿವಮೊಗ್ಗದಿಂದ ಬರುವ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿಲ್ಲ. ಅಣೆಕಟ್ಟಿನ ಗೇಟು ಎತ್ತಿದ್ದಾರೆ ಎಂದರೆ ಸಾಕು, ಪೇಟೆಯ ಜನ ಮಕ್ಕಳನ್ನು ಕಟ್ಟಿಕೊಂಡು ನೀರು ನೋಡಲು ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಜೋಳ ತಿಂದು ಹೋಗುತ್ತಾರೆ. ಅವರು ಬರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ನಾವು ಈ ನೀರಿನ ಪಕ್ಕದಲ್ಲೇ ಬದುಕುವವರು. ನಮಗೆ ಈ ಸದ್ದು ಗಡಿಯಾರದ ಸದ್ದಿನ ಹಾಗೆ, ಇದ್ದರೂ ಕೇಳಿಸುವುದಿಲ್ಲ. ಮನುಷ್ಯ ಯಾವುದರ ಹತ್ತಿರ ಇರುತ್ತಾನೋ ಅದನ್ನೇ ಮೊದಲು ಮರೆಯುತ್ತಾನೆ. ಆದ್ದರಿಂದ ಇಂದು ಬೇರೆ ಯಾವ ವಿಷಯಕ್ಕೂ ಹೋಗದೆ, ನಮ್ಮ ಬಾಗಿಲ ಮುಂದೆ ಹರಿಯುವ ಈ ನೀರಿನ ಶುಕ್ರ್ ಅಂದರೆ ಏನು ಎಂಬುದನ್ನು ಮಾತ್ರ ನೋಡೋಣ.

ನಮ್ಮ ತುಂಗಾ ಜಲಾಶಯ ದೊಡ್ಡದಲ್ಲ. ಅತ್ತ ಭದ್ರಾದಲ್ಲಿ 71.5 ಟಿಎಂಸಿ ನೀರು ನಿಲ್ಲುತ್ತದೆ, ಲಿಂಗನಮಕ್ಕಿಯಲ್ಲಿ 151 ಟಿಎಂಸಿ. ನಮ್ಮಲ್ಲಿ ನಿಲ್ಲುವುದು 3.24 ಟಿಎಂಸಿ ಮಾತ್ರ. ಮಟ್ಟ 588.24 ಮೀಟರ್ ತಲುಪಿದರೆ ತುಂಬಿತು ಎಂದರ್ಥ. ಆಗುಂಬೆ, ಶೃಂಗೇರಿ ಕಡೆ ನಾಲ್ಕು ದಿನ ಸರಿಯಾಗಿ ಮಳೆ ಹಿಡಿದರೆ ಸಾಕು, ರಾಜ್ಯದ ಉಳಿದ ಜಲಾಶಯಗಳು ಇನ್ನೂ ಬಾಯಾರಿ ಕುಳಿತಿರುವಾಗಲೇ ನಮ್ಮದು ತುಂಬಿ, 22 ಗೇಟುಗಳ ಕೆಳಗೆ ನೀರು ಓಡತೊಡಗುತ್ತದೆ. ಅಂದರೆ ಇದು ನೀರನ್ನು ಕೂಡಿಡುವ ಅಣೆಕಟ್ಟು ಅನ್ನುವುದಕ್ಕಿಂತ, ನೀರನ್ನು ಮುಂದಕ್ಕೆ ಕೊಡುವ ಅಣೆಕಟ್ಟು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಹೋದರರೇ, ಅಣೆಕಟ್ಟಿನ ಪಕ್ಕದಲ್ಲಿ ಬದುಕಿದ ಒಂದು ಜನಾಂಗದ ಕಥೆ ಕುರ್‌ಆನಿನಲ್ಲಿದೆ. ಆ ಜನಾಂಗದ ಹೆಸರೇ ಒಂದು ಸೂರಾದ ಹೆಸರು. 34ನೇ ಸೂರಾ, ಸೂರಾ ಸಬಾ. ಅದರ 15ರಿಂದ 19ರವರೆಗಿನ ವಚನಗಳನ್ನು ಇಂದು ರಾತ್ರಿ ಮನೆಯಲ್ಲಿ ಅರ್ಥಸಹಿತ ಓದಿ. ಬೇರೆ ಊರಿನವರಿಗಿಂತ ನಮಗೆ ಆ ವಚನಗಳು ಬೇಗ ಅರ್ಥವಾಗಬೇಕು.

ಯಮನ್ ದೇಶದಲ್ಲಿ, ಸನಾ ನಗರದ ಪೂರ್ವಕ್ಕೆ ಮಾರಿಬ್ ಎಂಬ ಪಟ್ಟಣವಿದೆ. ಸಬಾ ಜನರ ರಾಜಧಾನಿ ಅದು. ಸುತ್ತಮುತ್ತ ಮರುಭೂಮಿ. ಆದರೆ ಎತ್ತರದ ಬೆಟ್ಟಗಳಲ್ಲಿ ವರ್ಷಕ್ಕೆ ಎರಡು ಸಲ ಮಳೆ ಬಿದ್ದು, ಒಣ ಹಳ್ಳದಲ್ಲಿ ಒಮ್ಮೆಲೇ ಪ್ರವಾಹ ನುಗ್ಗುತ್ತದೆ. ಸಬಾದವರು ಆ ಹಳ್ಳಕ್ಕೆ ಅಡ್ಡಲಾಗಿ, ಅರ್ಧ ಕಿಲೋಮೀಟರಿಗೂ ಉದ್ದವಾಗಿ ಮಣ್ಣಿನ ಕಟ್ಟೆ ಹಾಕಿದರು. ಎರಡೂ ತುದಿಗಳಲ್ಲಿ ಕಲ್ಲಿನ ತೂಬುಗಳನ್ನು ಕಟ್ಟಿದರು. ಆ ಕಲ್ಲಿನ ಕೆಲಸ ಇಂದಿಗೂ ಅಲ್ಲಿ ನಿಂತಿದೆ. ಅವರ ಕಟ್ಟೆಯೂ ನಮ್ಮ ಗಾಜನೂರಿನದರಂತೆ ವರ್ಷವಿಡೀ ನೀರು ಕೂಡಿಡಲು ಆಗಿರಲಿಲ್ಲ. ಬಂದ ನೀರನ್ನು ಎತ್ತರಿಸಿ, ಎಡಕ್ಕೊಂದು ಬಲಕ್ಕೊಂದು ಕಾಲುವೆಯಲ್ಲಿ ಹರಿಸಿ ಹೊಲಗಳಿಗೆ ಮುಟ್ಟಿಸಲು. ಕುರ್‌ಆನ್ ಅವರಿಗೆ ಬಲಗಡೆ ಒಂದು, ಎಡಗಡೆ ಒಂದು ತೋಟವಿತ್ತು ಎಂದು ಹೇಳುತ್ತದೆ. ಇಂದಿನ ಪುರಾತತ್ವ ತಜ್ಞರು ಅಗೆದಾಗ ಸಿಕ್ಕಿದ್ದೂ ಅದೇ, ಹಳ್ಳದ ಎರಡೂ ಮಗ್ಗುಲಿಗೆ ಎರಡು ದೊಡ್ಡ ತೋಟದ ಪ್ರದೇಶ.

ಅವರಿಗೆ ಅಲ್ಲಾಹನು ಕೇಳಿದ್ದು ಏನು? ನಿಮ್ಮ ಪ್ರಭುವಿನ ಅನ್ನ ಉಣ್ಣಿರಿ, ಅವನಿಗೆ ಕೃತಜ್ಞರಾಗಿರಿ, ಊರು ಒಳ್ಳೆಯದು, ಪ್ರಭು ಕ್ಷಮಿಸುವವನು ಎಂಬ ಅರ್ಥದ ಆದೇಶ ಅಷ್ಟೇ. ನೋಡಿ, ಎಷ್ಟು ಹಗುರವಾದ ಆದೇಶ. ಉಣ್ಣಬೇಡಿ ಎನ್ನಲಿಲ್ಲ. ಅವರು ಮುಖ ತಿರುಗಿಸಿದರು. ಆಮೇಲೆ ಕಟ್ಟೆಯ ಪ್ರವಾಹ ಬಂತು. ತೋಟವಿದ್ದ ಜಾಗದಲ್ಲಿ ಕಹಿ ಹಣ್ಣಿನ ಗಿಡ, ಉಪ್ಪುಭೂಮಿಯ ಪೊದೆ, ಅಲ್ಲೊಂದು ಇಲ್ಲೊಂದು ಬೋರೆಮರ ಉಳಿಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಕಟ್ಟೆ ಒಂದೇ ದಿನದಲ್ಲಿ ಒಡೆದು ಹೋದದ್ದಲ್ಲ. ಪ್ರತಿ ಪ್ರವಾಹದ ಜೊತೆ ಹೂಳು ಬರುತ್ತದೆ. ಹೂಳು ಹೊಲವನ್ನು ಎತ್ತರಿಸುತ್ತದೆ. ಹೊಲ ಎತ್ತರವಾದಂತೆ ಕಟ್ಟೆಯನ್ನೂ ಎತ್ತರಿಸುತ್ತಲೇ ಇರಬೇಕು. ಅದಕ್ಕೆ ಸಾವಿರಾರು ಕೈಗಳು ಒಟ್ಟಿಗೆ ಸೇರಬೇಕು. ಸೇರಿದಷ್ಟು ಕಾಲ ಕಟ್ಟೆ ನಿಂತಿತ್ತು. ಕ್ರಿ.ಶ. 548ರ ಸುಮಾರಿಗೆ ಅದು ಒಡೆದಾಗ ರಿಪೇರಿ ಮಾಡಿಸಿ, ಕಲ್ಲಿನ ಮೇಲೆ ಶಾಸನ ಕೆತ್ತಿಸಿದವನು ಯಾರು ಗೊತ್ತೆ? ಅಬ್ರಹಾ. ಮಕ್ಕಳೇ, ಸೂರಾ ಫೀಲ್ ಬಾಯಿಪಾಠ ಮಾಡಿದ್ದೀರಲ್ಲ, ಆನೆ ಕಟ್ಟಿಕೊಂಡು ಕಅಬಾ ಕೆಡವಲು ಹೊರಟನಲ್ಲ, ಅವನೇ. ಸಕ್ರೆಬೈಲಿನ ಆನೆಗಳನ್ನು ದಿನವೂ ನೋಡುವ ನಮ್ಮ ಮಕ್ಕಳಿಗೆ ಈ ಹೆಸರು ಮರೆಯಲಾರದು. ಅವನು ಕಟ್ಟಿಸಿದ್ದೂ ಬಹಳ ಕಾಲ ಉಳಿಯಲಿಲ್ಲ. ಅದೇ ಶತಮಾನ ಮುಗಿಯುವ ಹೊತ್ತಿಗೆ ಕಟ್ಟೆ ಕೊನೆಯ ಸಲ ಒಡೆಯಿತು. ಮತ್ತೆ ಕಟ್ಟಲು ಕೈಗಳು ಸೇರಲಿಲ್ಲ.

ಸೂರಾ ಸಬಾದ 19ನೇ ವಚನದಲ್ಲಿ ಇನ್ನೊಂದು ಮಾತಿದೆ. ಅವರ ಊರುಗಳು ಒಂದರ ಪಕ್ಕ ಒಂದು, ಪ್ರಯಾಣ ಸುಲಭ, ದಾರಿ ನಿರ್ಭಯ. ಆದರೂ ಅವರು ನಮ್ಮ ಪ್ರಯಾಣಗಳ ನಡುವೆ ದೂರ ಇಡು ಎಂದು ಬೇಡಿಕೊಂಡರಂತೆ. ಹತ್ತಿರವಿರುವುದು ಅವರಿಗೆ ಬೇಸರವಾಯಿತು. ನೆರೆಯವನ ಮನೆಯ ಹೊಗೆ ಕಾಣುವುದು ಬೇಸರವಾಯಿತು. ಕೇಳಿದ್ದನ್ನು ಅಲ್ಲಾಹನು ಕೊಟ್ಟ. ಅವರನ್ನು ಚೂರುಚೂರಾಗಿ ಚದುರಿಸಿದ. ಅರಬ್ಬರಲ್ಲಿ ಸಬಾದವರ ಹಾಗೆ ಚದುರಿ ಹೋದರು ಎಂಬುದು ಗಾದೆಯೇ ಆಗಿಹೋಯಿತು.

ಕೃತಘ್ನತೆಯ ಫಲ ಬಡತನ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಸೂರಾ ತೋರಿಸುವುದು ಅದಕ್ಕಿಂತ ದೊಡ್ಡದನ್ನು. ಕೃತಘ್ನತೆಯ ಫಲ ಚದುರುವಿಕೆ. ಒಂದಾಗಿದ್ದದ್ದು ಒಡೆಯುವುದು. ಮೊದಲು ಮನಸ್ಸು, ಆಮೇಲೆ ಮನೆ, ಆಮೇಲೆ ಊರು.

ಇನ್ನು ಶುಕ್ರ್ ಎಂಬ ಪದದ ಕಡೆ ಬರೋಣ. ಅಲ್‌ಹಮ್ದುಲಿಲ್ಲಾಹ್ ಎಂದು ದಿನಕ್ಕೆ ನೂರು ಸಲ ನಾವು ಹೇಳುತ್ತೇವೆ, ಹೇಳಲೇಬೇಕು. ಆದರೆ ಅರಬಿ ಭಾಷೆಯಲ್ಲಿ ಈ ಪದಕ್ಕೆ ಒಂದು ಹಳೆಯ ಬಳಕೆ ಇದೆ. ಕೊಟ್ಟ ಸ್ವಲ್ಪ ಮೇವಿಗೇ ಮೈತುಂಬಿಕೊಳ್ಳುವ ಪ್ರಾಣಿಯನ್ನು ಅವರು ಶಕೂರ್ ಎನ್ನುತ್ತಿದ್ದರು. ತಿಂದದ್ದು ಅದರ ಮೈಯಲ್ಲಿ ಕಾಣುತ್ತದೆ, ಅದಕ್ಕೆ. ಇದಕ್ಕೆ ನಮ್ಮಲ್ಲಿ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಮಲೆನಾಡ ಗಿಡ್ಡ ಹಸುವನ್ನು ನೋಡಿ. ಗುಡ್ಡದ ಮೇಲೆ ತಾನೇ ಮೇಯ್ದು ಬರುತ್ತದೆ, ಹಿಂಡಿ ಕೇಳುವುದಿಲ್ಲ, ಆ ಪುಟ್ಟ ಮೈಯಲ್ಲಿ ಮಕ್ಕಳಿಗೆ ಆಗುವಷ್ಟು ಹಾಲು ಕೊಡುತ್ತದೆ. ಅದು ಬಾಯಿಯಿಂದ ಏನೂ ಹೇಳುವುದಿಲ್ಲ. ತಿಂದದ್ದನ್ನು ಹಾಲಾಗಿ ತೋರಿಸುತ್ತದೆ. ಸೂರಾ ಸಬಾದಲ್ಲೇ, ಈ ಕಥೆಗೆ ಒಂದೆರಡು ವಚನ ಮೊದಲು, ದಾವೂದ್(ಅ)ರ ಮನೆತನಕ್ಕೆ ಬಂದ ಆದೇಶವೂ ಇದೇ. ಶುಕ್ರನ್ನು ಹೇಳಿ ಎಂದಲ್ಲ, ಶುಕ್ರಾಗಿ ಕೆಲಸ ಮಾಡಿ ಎಂದು. ಅಂತಹವರು ಕಡಿಮೆ ಎಂದೂ ಅಲ್ಲೇ ಹೇಳಿದೆ.

ನೀರಿನ ಶುಕ್ರನ್ನು ಕೆಲಸವಾಗಿ ಮಾಡುವುದೆಂದರೆ ಹೇಗೆ? ವುಝೂವಿನಿಂದಲೇ ಆರಂಭಿಸೋಣ. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಅನಸ್(ರ) ತಿಳಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮುದ್ದ್ ಎಂದರೆ ಎರಡು ಅಂಗೈ ಜೋಡಿಸಿ ತುಂಬಿಕೊಂಡಷ್ಟು. ಮದ್‌ಹಬ್‌ಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದೆ, ಆದರೆ ಯಾರ ಲೆಕ್ಕದಲ್ಲೂ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ನಾಳೆ ಮನೆಯಲ್ಲಿ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ವುಝೂ ಮಾಡಿ ನೋಡಿ. ಬಕೆಟ್ ಎಷ್ಟು ತುಂಬಿತು ಎಂದು ಮಕ್ಕಳಿಗೆ ತೋರಿಸಿ. ನಾವು ಇಲ್ಲಿ ಎಷ್ಟು ಹೊತ್ತು ಮಾತಾಡಿದರೂ ಆ ಬಕೆಟ್ ಹೇಳಿದಷ್ಟು ಸ್ಪಷ್ಟವಾಗಿ ಹೇಳಲಾಗದು.

ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ದುಂದು ಮಾಡಬಾರದು ಎಂಬ ಹದೀಸ್ ಇಬ್ನುಮಾಜಾದಲ್ಲಿದೆ. ಅದರ ಪರಂಪರೆಯ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆಯಿದೆ, ಆದರೆ ಅರ್ಥದ ಬಗ್ಗೆ ಯಾರಿಗೂ ತಕರಾರಿಲ್ಲ. ನದಿಯಲ್ಲಿ ನಾವು ಬಳಸಿದ ನೀರು ನದಿಗೇ ಸೇರುತ್ತದೆ, ಆಗ ದುಂದು ಹೇಗಾಯಿತು ಎಂದು ಯುವಕರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನೀರು ಕಡಿಮೆಯಾಗುತ್ತದೆ ಎಂಬುದು ಅಲ್ಲಿಯ ಮಾತಲ್ಲ. ಕೈ ಕೆಡುತ್ತದೆ ಎಂಬುದು ಮಾತು. ನದಿಯ ಪಕ್ಕದಲ್ಲಿ ಕಲಿತ ಕೈ ನಲ್ಲಿಯ ಪಕ್ಕದಲ್ಲೂ ಹಾಗೆಯೇ ನಡೆದುಕೊಳ್ಳುತ್ತದೆ.

ಈಗ ಸ್ವಲ್ಪ ಹೊತ್ತಿನ ಹಿಂದೆ ನೆನಪಿಟ್ಟುಕೊಳ್ಳಿ ಎಂದ ಮಾತಿಗೆ ಬರೋಣ. ನಾವು ಮೇಲಿನವರು. ನೀರಿನ ವಿಷಯದಲ್ಲಿ ಮಾತ್ರ ಹೇಳುತ್ತಿದ್ದೇವೆ, ತಪ್ಪು ತಿಳಿಯಬೇಡಿ. ಗಾಜನೂರನ್ನು ದಾಟಿದ ತುಂಗೆ ಮೊದಲು ಶಿವಮೊಗ್ಗ ನಗರಕ್ಕೆ ಕುಡಿಯಲು ಸಿಗುತ್ತಾಳೆ. ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ಹರಿಹರ ದಾಟಿ ಹೊಸಪೇಟೆಯ ದೊಡ್ಡ ಅಣೆಕಟ್ಟಿಗೆ ಹೋಗುತ್ತಾಳೆ, ಅಲ್ಲಿಂದ ಆಂಧ್ರ, ತೆಲಂಗಾಣ. ಇನ್ನೊಂದು ಕಡೆ ತುಂಗಾ ಮೇಲ್ದಂಡೆ ಕಾಲುವೆ ನಮ್ಮಿಂದ ಹೊರಟು ದಾವಣಗೆರೆ ಜಿಲ್ಲೆ ಹಾಯ್ದು ಹಾವೇರಿಯ ಹೊಲಗಳವರೆಗೆ ಹೋಗುತ್ತದೆ. ಆ ಕಾಲುವೆಯ ಕೊನೆಯ ರೈತ ನಮ್ಮನ್ನು ನೋಡಿಲ್ಲ, ನಾವು ಅವನನ್ನು ನೋಡಿಲ್ಲ. ಅವನ ಮನೆಯ ರೊಟ್ಟಿ ನಮ್ಮ ಊರಿನ ನೀರಿನದು.

ಮೇಲಿನವರು ಹೇಗಿರಬೇಕು ಎಂಬುದಕ್ಕೆ ಮದೀನಾದಲ್ಲಿ ನಡೆದ ಒಂದು ತೀರ್ಪಿದೆ. ಹರ್‍ರಾ ಎಂಬಲ್ಲಿ ಮಳೆನೀರಿನ ಕಾಲುವೆ. ಮೇಲೆ ಝುಬೈರ್(ರ)ರ ತೋಟ, ಕೆಳಗೆ ಒಬ್ಬ ಅನ್ಸಾರಿಯ ತೋಟ. ನೀರಿಗಾಗಿ ಜಗಳವಾಗಿ ಪ್ರವಾದಿ(ಸ)ಯವರ ಬಳಿ ಬಂತು. ನಿನ್ನ ಗಿಡಗಳಿಗೆ ನೀರು ಹಾಯಿಸಿಕೊಂಡು ನೆರೆಯವನಿಗೆ ಬಿಡು ಎಂದು ಝುಬೈರರಿಗೆ ಹೇಳಿದರು. ಅವರ ಹಕ್ಕಿನ ಪೂರ್ತಿ ನೀರು ಹಿಡಿದುಕೊಳ್ಳಿ ಎನ್ನಲಿಲ್ಲ, ಸ್ವಲ್ಪ ಬಿಟ್ಟುಕೊಡುವ ದಾರಿ ತೋರಿಸಿದರು. ಕೆಳಗಿನವನು ಅದಕ್ಕೂ ಒಪ್ಪದೆ, ನಿಮ್ಮ ಅತ್ತೆಯ ಮಗನೆಂದು ಪಕ್ಷಪಾತ ಮಾಡಿದಿರಿ ಎಂಬರ್ಥದ ಮಾತು ಆಡಿಬಿಟ್ಟ. ಆಗ ಪ್ರವಾದಿ(ಸ)ಯವರು ಝುಬೈರರ ಪೂರ್ಣ ಹಕ್ಕಿನಂತೆ ತೀರ್ಪು ಕೊಟ್ಟರು, ಗೋಡೆಯ ಬುಡದವರೆಗೆ ನೀರು ನಿಲ್ಲಿಸಿಕೊಂಡು ಆಮೇಲೆ ಬಿಡು ಎಂದು. ಬುಖಾರಿಯಲ್ಲಿ ಈ ಘಟನೆಯಿದೆ. ಮೊದಲ ತೀರ್ಪು ಕರುಣೆಯದು, ಎರಡನೆಯದು ಕಾನೂನಿನದು. ಮೊದಲನೆಯದರಲ್ಲಿ ಇಬ್ಬರಿಗೂ ಲಾಭವಿತ್ತು. ಎರಡು ತೀರ್ಪಿನಲ್ಲೂ ಒಂದು ಮಾತು ಮಾತ್ರ ಬದಲಾಗಲಿಲ್ಲ, ಕೊನೆಗೆ ನೀರನ್ನು ಕೆಳಗೆ ಬಿಡಲೇಬೇಕು.

ದಾರಿಯ ಪಕ್ಕದಲ್ಲಿ ತನ್ನಲ್ಲಿ ಹೆಚ್ಚಿನ ನೀರಿದ್ದೂ ದಾರಿಹೋಕನಿಗೆ ಕೊಡದವನ ಕಡೆ ಅಲ್ಲಾಹನು ಅಂತ್ಯದಿನದಲ್ಲಿ ನೋಡುವುದಿಲ್ಲ ಎಂದೂ ಹದೀಸಿನಲ್ಲಿದೆ. ಇಲ್ಲಿ ದಾರಿಹೋಕ ಯಾರು, ಯಾವ ಧರ್ಮ, ಯಾವ ಜಾತಿ ಎಂಬ ವಿವರವೇ ಇಲ್ಲ ಎಂಬುದನ್ನು ಗಮನಿಸಿ. ಬಾಯಾರಿದ ನಾಯಿಗೆ ತನ್ನ ಮೋಜಾದಲ್ಲಿ ಬಾವಿಯ ನೀರು ತುಂಬಿ ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ್ದು ನಮಗೆಲ್ಲ ಗೊತ್ತು. ಹದೀಸಿನಲ್ಲಿ ಅವನು ಅಲ್‌ಹಮ್ದುಲಿಲ್ಲಾಹ್ ಎಂದನೆಂದು ಬಂದಿಲ್ಲ. ಅಲ್ಲಾಹನೇ ಅವನಿಗೆ ಶುಕ್ರ್ ಮಾಡಿದ ಎಂದು ಬಂದಿದೆ. ಅವನ ಕೆಲಸವನ್ನು ಅಲ್ಲಾಹನು ಮೆಚ್ಚಿದ ಎಂಬ ಅರ್ಥದಲ್ಲಿ, ಅದೇ ಪದ.

ಕೆಳಗಿನವರಿಗೆ ನೀರು ಬಿಟ್ಟರೆ ಸಾಲದು. ಎಂಥ ನೀರು ಬಿಡುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಎಂದು ನಮ್ಮ ಹಿಂದೂ ಸಹೋದರರು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಅಷ್ಟು ಸಿಹಿ ನೀರು. ಆ ನೀರು ಶಿವಮೊಗ್ಗ ದಾಟುವಷ್ಟರಲ್ಲಿ ಕೊಳಚೆ ಸೇರಿ ಏನಾಗುತ್ತದೆ ಎಂಬುದನ್ನು ಕಂಡವರು ಬಲ್ಲರು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹರಿಹರದ ಕಡೆಗೆ ಈ ನದಿಯ ನಿರ್ಮಲತೆಗಾಗಿ ಪಾದಯಾತ್ರೆ ನಡೆಯಿತು. ಮುಂದೆ ಇಂತಹ ಕೆಲಸ ಯಾರೇ ಕೈಗೊಳ್ಳಲಿ, ಯಾವ ಬ್ಯಾನರ್ ಎಂದು ನೋಡದೆ ನಮ್ಮ ಯುವಕರು ಹೆಜ್ಜೆ ಹಾಕಬೇಕು ಎಂಬುದು ನಮ್ಮ ಅಭಿಪ್ರಾಯ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು, ಜನ ನೀರು ತೆಗೆದುಕೊಳ್ಳುವ ಜಾಗವನ್ನು ಹೊಲಸು ಮಾಡುವುದನ್ನು ತಡೆದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಅದನ್ನು ಶಾಪ ತರುವ ಕೆಲಸ ಎಂದು ಕರೆದಿದ್ದಾರೆ. ಬಕ್ರೀದ್ ಸಮಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಿ. ಕುರ್ಬಾನಿಯ ಮಾಂಸ ಬಡವರ ಮನೆಗೆ ಹೋಗುತ್ತದೆ, ಅದರ ಕಸ ಕಾಲುವೆಗೆ ಹೋಗಬಾರದು. ಗುಂಡಿ ತೋಡಿ ಮುಚ್ಚಿ. ಒಂದು ಗಂಟೆಯ ಕೆಲಸ ಅದು.

ಪ್ರಾಣಿಗಳ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯ. ಸಕ್ರೆಬೈಲಿನ ಬಿಡಾರದಲ್ಲಿ ಬೆಳಗ್ಗೆ ಆನೆಗಳಿಗೆ ಹಿನ್ನೀರಿನಲ್ಲಿ ಸ್ನಾನ ಮಾಡಿಸುವ ಮಾವುತರು, ಕಾವಾಡಿಗಳು ನಮಗೆ ಪರಿಚಿತರು. ಅನ್ಸಾರಿಯೊಬ್ಬರ ತೋಟದಲ್ಲಿದ್ದ ಒಂಟೆ ಪ್ರವಾದಿ(ಸ)ಯವರನ್ನು ಕಂಡು ಕಣ್ಣೀರು ಹಾಕಿದ್ದು, ಹೊಟ್ಟೆಗೆ ಕಡಿಮೆ ಹಾಕಿ ದುಡಿಸುತ್ತೀಯೆಂದು ಅದು ದೂರು ಹೇಳಿತು ಎಂದು ಯಜಮಾನನಿಗೆ ತಿಳಿಸಿದ್ದು ಅಬೂದಾವೂದ್‌ನಲ್ಲಿದೆ. ಹೆಗಲ ಮೇಲೆ ಕೈಯಿಟ್ಟು ಆನೆಯ ಮಾತು ಕೇಳುವವರ ಊರಿನಲ್ಲಿ ಈ ಹದೀಸನ್ನು ವಿವರಿಸುವ ಅಗತ್ಯವಿಲ್ಲ.

ಸಹೋದರರೇ, 2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿರಬಹುದು. ನಮ್ಮ ನೀರು ಹೋಗಿ ತುಂಬಿದ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 33 ಗೇಟುಗಳಿವೆ. ಅಂದು 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 32 ಗೇಟು ಗಟ್ಟಿಯಾಗಿದ್ದವು, ಆದರೂ ಜಲಾಶಯ ನೀರು ಹಿಡಿದಿಡಲಾರದೆ ಹೋಯಿತು. ಒತ್ತಡ ತಗ್ಗಿಸಲು ಗಟ್ಟಿ ಇದ್ದ ಗೇಟುಗಳನ್ನೂ ತೆರೆಯಬೇಕಾಯಿತು. ಬರದ ವರ್ಷ ಕಳೆದು ಬಂದ ನೀರು ಅದು. ಅದಕ್ಕೂ ಹಿಂದಿನ ವರ್ಷ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ರೈತರ ಕಣ್ಣ ಮುಂದೆ ಆ ನೀರು ಹರಿದುಹೋಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಆ ರಭಸದ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು.

ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಸಲ್ಲಿಸಿದವನಲ್ಲ ಎಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಆ ಕೆಲಸಗಾರರಿಗೆ ನಾವೂ ಋಣಿಗಳು. ನಮ್ಮದೇ ಅಣೆಕಟ್ಟಿನಲ್ಲಿ ಮಳೆಯ ರಾತ್ರಿ ಎದ್ದು ಗೇಟಿಗೆ ಗ್ರೀಸು ಹಾಕುವವನು, ಮಟ್ಟ ಬರೆದುಕೊಳ್ಳುವವನು, ಹಳ್ಳಿಯಲ್ಲಿ ಹೊತ್ತಿಗೆ ಸರಿಯಾಗಿ ವಾಲ್ವ್ ತಿರುಗಿಸುವ ನೀರಗಂಟಿ, ಇವರಿಗೆ ಸಲಾಮ್ ಅಥವಾ ನಮಸ್ಕಾರ ಹೇಳಿ ಎಷ್ಟು ದಿನವಾಯಿತು? ನೀರು ಬಾರದ ದಿನ ಮಾತ್ರ ನೀರಗಂಟಿಯ ನಂಬರಿಗೆ ಫೋನ್ ಹೋಗುತ್ತದೆ. ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ಮಹಿಳೆಯೊಬ್ಬರು ಕಾಣದಿದ್ದಾಗ ಪ್ರವಾದಿ(ಸ)ಯವರು ವಿಚಾರಿಸಿದರು. ತೀರಿಕೊಂಡರು, ರಾತ್ರಿಯೇ ದಫನ್ ಮಾಡಿದೆವು, ತಮಗೆ ತೊಂದರೆ ಕೊಡಬಾರದೆಂದು ತಿಳಿಸಲಿಲ್ಲ ಎಂದರು. ನನಗೆ ಏಕೆ ಹೇಳಲಿಲ್ಲ ಎಂದು ಬೇಸರಪಟ್ಟು, ಖಬರಿನ ಬಳಿಗೇ ಹೋಗಿ ಅವರಿಗಾಗಿ ನಮಾಝ್ ಮಾಡಿದರು. ಕಸ ಗುಡಿಸುವವರು ಕಾಣದಿದ್ದರೆ ಗಮನಿಸುವ ಕಣ್ಣು, ಅದು ಕೃತಜ್ಞನ ಕಣ್ಣು.

ಆ 19ನೇ ಗೇಟಿನ ಬಗ್ಗೆ ಇನ್ನೊಂದು ಮಾತು. ಸೂರಾ ಶುಅರಾದಲ್ಲಿ ಇಬ್ರಾಹೀಮ್(ಅ)ರ ದುಆ ಇದೆ. ಹಣವೂ ಮಕ್ಕಳೂ ಉಪಯೋಗಕ್ಕೆ ಬಾರದ ದಿನ, ಕಲ್ಬುನ್ ಸಲೀಮ್ ತಂದವನಿಗೆ ಮಾತ್ರ ರಕ್ಷೆ. ಸಲೀಮ್ ಎಂದರೆ ಒಡಕಿಲ್ಲದ, ಇಡಿಯಾಗಿ ಉಳಿದ ಹೃದಯ. ಸಲಾಮ್, ಇಸ್ಲಾಮ್ ಎಂಬ ಪದಗಳ ಬೇರೇ ಅದಕ್ಕೂ ಇರುವುದು. ನಮಾಝ್ ಇದೆ, ರೋಝಾ ಇದೆ, ಝಕಾತ್ ಇದೆ, ಹಜ್ಜೂ ಆಗಿದೆ. 32 ಗೇಟು ಗಟ್ಟಿ. ಆದರೆ ಅಡಿಕೆ ತೋಟದ ಬೇಲಿಗಾಗಿ, ಕೊಳವೆ ಬಾವಿಯ ಪಾಲಿಗಾಗಿ ಒಡಹುಟ್ಟಿದವನ ಜೊತೆ ಮಾತು ಬಿಟ್ಟು ಆರು ವರ್ಷ. ಸೋಮವಾರ ಮತ್ತು ಗುರುವಾರ ಕರ್ಮಗಳನ್ನು ಅಲ್ಲಾಹನ ಮುಂದಿಡಲಾಗುತ್ತದೆ, ಆಗ ಪರಸ್ಪರ ಹಗೆ ಇಟ್ಟುಕೊಂಡ ಇಬ್ಬರ ಕ್ಷಮೆಯನ್ನು ಅವರು ರಾಜಿಯಾಗುವವರೆಗೆ ತಡೆಹಿಡಿಯಲಾಗುತ್ತದೆ ಎಂದು ಮುಸ್ಲಿಮ್‌ನಲ್ಲಿದೆ. ನೀರು ಎಲ್ಲಿ ಸೋರುತ್ತಿದೆ ಎಂದು ಅಣೆಕಟ್ಟಿನ ಇಂಜಿನಿಯರು ಹುಡುಕುವ ಹಾಗೆ, ನಮ್ಮ ಒಳಗೆ ಯಾವ ಗೇಟು ಎಂದು ಪ್ರತಿಯೊಬ್ಬರೂ ಹುಡುಕಿಕೊಳ್ಳಬೇಕು. ಬೇರೆಯವರದನ್ನು ಎಣಿಸಲು ಯಾರಿಗೂ ಹೇಳಿಲ್ಲ.

ಶುಕ್ರಿನ ಬಗ್ಗೆ ಮಾತಾಡುವಾಗ ಒಂದು ಎಚ್ಚರಿಕೆ ಬೇಕು. ನಿಮಗಿಂತ ಕೆಳಗಿನವರನ್ನು ನೋಡಿ, ಆಗ ಅಲ್ಲಾಹನ ಅನುಗ್ರಹ ಸಣ್ಣದಾಗಿ ಕಾಣುವುದಿಲ್ಲ ಎಂಬ ಅರ್ಥದ ಹದೀಸ್ ಇದೆ. ಅದನ್ನು ನಾವು ನಮಗೆ ಹೇಳಿಕೊಳ್ಳಬೇಕು. ಮನೆ ಸೋರುತ್ತಿರುವ ವಿಧವೆಗೆ, ಕೆಲಸ ಕಳೆದುಕೊಂಡ ಹುಡುಗನಿಗೆ, ಬಾಡಿಗೆ ಕಟ್ಟಲಾಗದವನಿಗೆ ಶುಕ್ರ್ ಮಾಡು, ನಿನಗಿಂತ ಕಷ್ಟದಲ್ಲಿ ಇರುವವರಿದ್ದಾರೆ ಎಂದು ಹೇಳಿ ಮನೆಗೆ ಹೋಗುವುದು ದೀನ್ ಅಲ್ಲ. ಕೆಳಗಿನವರನ್ನು ನೋಡಿ ಎಂದರೆ ನೋಡಿ ನಿಟ್ಟುಸಿರು ಬಿಡಿ ಎಂದಲ್ಲ. ನೋಡಿದ ಮೇಲೆ ತೂಬು ಎತ್ತಬೇಕು. ಮದೀನಾದಲ್ಲಿ ರೂಮಾ ಬಾವಿಯ ನೀರು ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಬಿಟ್ಟರು, ತನ್ನ ಕೊಡವೂ ಎಲ್ಲರ ಕೊಡದ ಸಾಲಿನಲ್ಲೇ ಎಂದರು. ಅನುಕೂಲಸ್ಥನ ಶುಕ್ರ್ ಹಾಗಿರುತ್ತದೆ.

ಸಬಾದವರ ಕಥೆ ಚದುರುವುದರಲ್ಲಿ ಮುಗಿಯಲಿಲ್ಲ. ಅರಬ್ ವಂಶಚರಿತ್ರೆಕಾರರು ಹೇಳುವಂತೆ, ಕಟ್ಟೆ ಹಾಳಾದಾಗ ಮಾರಿಬ್ ಬಿಟ್ಟು ಹೊರಟ ಕುಲಗಳಲ್ಲಿ ಕೆಲವು ಉತ್ತರಕ್ಕೆ ಬಂದು ಯಸ್ರಿಬ್ ಎಂಬ ಊರಿನಲ್ಲಿ ನೆಲೆಸಿದವು. ಔಸ್ ಮತ್ತು ಖಝ್‌ರಜ್. ನಮ್ಮ ಅನ್ಸಾರರು! ನೀರು ಕಿತ್ತುಕೊಂಡು ಹೋದ ಮನೆತನಗಳ ಮೊಮ್ಮಕ್ಕಳು, ಮಕ್ಕಾದಿಂದ ಮನೆ ಬಿಟ್ಟು ಬಂದ ಮುಹಾಜಿರರಿಗೆ ತಮ್ಮ ಮನೆಯಲ್ಲಿ ಅರ್ಧ, ತೋಟದ ಫಲದಲ್ಲಿ ಪಾಲು ಕೊಟ್ಟರು. ತಮಗೇ ಕೊರತೆಯಿದ್ದರೂ ಇತರರನ್ನು ಮುಂದಿಟ್ಟವರು ಎಂದು ಸೂರಾ ಹಶ್ರ್ ಅವರನ್ನು ಹೊಗಳಿದೆ. ಅದೇ ಔಸ್, ಖಝ್‌ರಜ್ ಕುಲಗಳು ಇಸ್ಲಾಮಿಗೆ ಮುಂಚೆ ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಕಾದಾಡಿದ್ದವು. ಚದುರಿದ್ದ ಹೃದಯಗಳನ್ನು ಅಲ್ಲಾಹನು ಜೋಡಿಸಿದ, ಜೋಡಿಸಿದ ಮೇಲೆ ಅವು ಅತಿಥಿಗಳಿಗೆ ತೆರೆದವು.

ಮಾರಿಬ್‌ನಲ್ಲಿ ಹಳೆಯ ಕಟ್ಟೆಗಿಂತ ಸ್ವಲ್ಪ ಮೇಲೆ 1986ರಲ್ಲಿ ಹೊಸ ಅಣೆಕಟ್ಟು ಬಂದಿದೆ. ಅದಕ್ಕೆ ಹಣ ಕೊಟ್ಟವರು ಯುಎಇಯ ಶೇಖ್ ಝಾಯಿದ್. ಅವರ ಪೂರ್ವಜರು ಅಲ್ಲಿಂದಲೇ ವಲಸೆ ಬಂದವರೆಂಬುದು ಅವರ ಮನೆತನದ ನಂಬಿಕೆ. ಇಂದು ಯಮನಿನ ಯುದ್ಧದಿಂದ ಮನೆ ಕಳೆದುಕೊಂಡ ಲಕ್ಷಾಂತರ ಜನ ಅದೇ ಮಾರಿಬ್‌ನಲ್ಲಿ ಆಶ್ರಯ ಪಡೆದಿದ್ದಾರೆ. ಅವರನ್ನು ದುಆದಲ್ಲಿ ಮರೆಯಬೇಡಿ.

ನಮ್ಮ ಜಿಲ್ಲೆಯಲ್ಲೂ ನೀರಿಗಾಗಿ ಮನೆ ಬಿಟ್ಟವರಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ರಾಜ್ಯಕ್ಕೆ ಬೆಳಕು ಬಂತು. ಮುಳುಗಡೆಯ ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ಕಡೆ ಬಂದು ನೆಲೆಸಿದವು, ಅವರಲ್ಲಿ ಅನೇಕರು 60 ವರ್ಷಗಳ ನಂತರವೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಸ್ವಿಚ್ ಒತ್ತಿ ಮಸೀದಿಯ ಫ್ಯಾನ್ ತಿರುಗಿದಾಗ ಅವರ ಹೆಸರು ಯಾರಿಗೆ ನೆನಪಾಗುತ್ತದೆ? ಅಂತಹ ಕುಟುಂಬ ನಿಮ್ಮ ನೆರೆಯಲ್ಲಿದ್ದರೆ, ತಾಲೂಕು ಕಚೇರಿಗೆ ಅರ್ಜಿ ಬರೆಯಲು ಓದುಬರಹ ಬಲ್ಲ ನಿಮ್ಮ ಮಗನನ್ನು ಜೊತೆಗೆ ಕಳುಹಿಸಿ. ಅದೂ ನೀರಿನ ಶುಕ್ರೇ.

ಕೊನೆಯದಾಗಿ ಒಂದು ಶುಕ್ರವಾರದ ಘಟನೆ. ಪ್ರವಾದಿ(ಸ)ಯವರು ಖುತ್ಬಾ ಕೊಡುತ್ತಿದ್ದಾಗ ಒಬ್ಬರು ಎದ್ದು, ಮಳೆಯಿಲ್ಲದೆ ಸೊತ್ತು ನಾಶವಾಯಿತು, ಮಕ್ಕಳು ಹಸಿದಿದ್ದಾರೆ, ದುಆ ಮಾಡಿ ಎಂದರು. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಪ್ರವಾದಿ(ಸ)ಯವರು ಕೈಯೆತ್ತಿದರು. ಮಿಂಬರಿನಿಂದ ಇಳಿಯುವ ಮುಂಚೆಯೇ ಮಳೆ ಅವರ ಗಡ್ಡದಿಂದ ತೊಟ್ಟಿಕ್ಕಿತು. ಮುಂದಿನ ಶುಕ್ರವಾರದವರೆಗೆ ಸುರಿಯಿತು. ಆ ಶುಕ್ರವಾರ ಮತ್ತೆ ಎದ್ದು, ಮನೆಗಳು ಬೀಳುತ್ತಿವೆ ಎಂದು ಹೇಳಲಾಯಿತು. ಆಗ ಅವರು ಮಳೆ ನಿಲ್ಲಲಿ ಎಂದು ಕೇಳಲಿಲ್ಲ. ನಮ್ಮ ಮೇಲೆ ಬೇಡ, ಸುತ್ತಲಿನ ಗುಡ್ಡಗಳ ಮೇಲೆ, ಕಣಿವೆಗಳಲ್ಲಿ, ಮರಗಳ ಬುಡದಲ್ಲಿ ಬೀಳಲಿ ಎಂಬ ಅರ್ಥದಲ್ಲಿ ಕೇಳಿದರು. ಕಷ್ಟದಲ್ಲೂ ಇನ್ನೊಬ್ಬರ ಹುಲ್ಲುಗಾವಲು ನೆನಪಾದ ದುಆ ಅದು.

ಗೇಟುಗಳು ತೆರೆದಿರುವ ಈ ದಿನಗಳಲ್ಲಿ ನಾವೂ ಕೈಯೆತ್ತೋಣ. ಯಾ ಅಲ್ಲಾಹ್, ಆಗುಂಬೆಯ ಕಾಡಿನ ಮೇಲೆ, ಗಂಗಾಮೂಲದ ಗುಡ್ಡಗಳ ಮೇಲೆ ಬೇಕಾದಷ್ಟು ಮಳೆ ಸುರಿಸು. ನದಿದಡದ ಮನೆಗಳನ್ನು ಕಾಪಾಡು. ರಾತ್ರಿ ಗೇಟಿನ ಬಳಿ ನಿಲ್ಲುವವರನ್ನು ಕಾಪಾಡು. ಹಾವೇರಿಯ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿಸು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಈ ಶುಕ್ರವಾರವೇ ಒಂದೇ ಸಫ್‌ನಲ್ಲಿ ನಿಲ್ಲಿಸು. ಆಮೀನ್.

(ಸೂಚನೆ: ಮುಂದಿನ ಶುಕ್ರವಾರದಿಂದ ವುಝೂ ಜಾಗದಲ್ಲಿ ಒಂದು ಲೀಟರಿನ ಚೊಂಬುಗಳನ್ನು ಇಡಲಾಗುವುದು. ಹಿರಿಯರಿಗಾಗಿ ಎರಡು ನಲ್ಲಿಗಳು ಹಾಗೆಯೇ ಇರುತ್ತವೆ.)